ಜಪಾನಿನಲ್ಲಿ ನಮ್ಮೂರ ಹುಡುಗಿಯ ಅಕ್ಷರಾಭ್ಯಾಸ

ರವಿವಾರ ಸಾಯಂಕಾಲ ಏಳರ ಸುಮಾರಿಗೆ ಫೋನು ಬಾರಿಸಿತೆಂದರೆ ಅದು ಜಪಾನಿನದೇ ಎಂಬುದು ನಮ್ಮ ಮನೆಯವರಿಗೆಲ್ಲ ರೂಢಿಯಾಗಿ ಹೋಗಿದೆ. ನಮ್ಮ ಬೇಡಗದಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ರಾತ್ರಿ ಹತ್ತೂವರೆ. ನಡುವೆ ಮೂರೂವರೆ ತಾಸಿನ ಅಂತರ. "ನಮಸ್ಕಾರ್ರೀ ಸರ್, ಆರಾಮ ಅದೀರೇನ್ರಿ?" ಎಂದು ಕೇಳುವ ಹುಡುಗಿ ಹಿಂದೊಮ್ಮೆ ನಮ್ಮ ಕನ್ನಡ ಶಾಲೆಯ ಎರಡನೆಯ ಸಾಲಿನಲ್ಲಿ ಕುಳಿತು ಕಾಗುಣಿತ ಒಪ್ಪಿಸಿದವಳು. ಹೆಸರು ಬರೆಯುವುದು ಅವಳಿಗೆ ಇಷ್ಟವಿಲ್ಲ. ಎಲೆತೋಟದವರ ಮಗಳು ಎಂದರೆ ಸಾಕು. ನಮ್ಮೂರಲ್ಲಿ ಅಂಥ ಮನೆಗಳು ಅನೇಕ, ಗುರುತು ಹತ್ತುವ ಭಯವಿಲ್ಲ.

ಏಳನೆಯ ಇಯತ್ತೆಯವರೆಗೆ ಕನ್ನಡ, ಮುಂದೆ ಮರಾಠಿ ಹೈಸ್ಕೂಲು, ಬಳಿಕ ಮಿರಜಿನಲ್ಲಿ ದಾದಿಯ ಶಿಕ್ಷಣ. ಡಾಕ್ಟರ್ ವಾನ್ಲೆಸ್ಸರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಮಿರಜು ರೋಗಿಗಳ ಊರು, ಆದುದರಿಂದ ದಾದಿಯರ ಊರೂ ಹೌದು. ಅಲ್ಲಿ ಕಲಿತ ಹೆಣ್ಣುಮಕ್ಕಳು ಮುಂಬಯಿಗೆ, ಅರಬರ ನಾಡಿಗೆ ಹೋದದ್ದನ್ನು ನಾವು ಕಂಡಿದ್ದೆವು. ಜಪಾನಿನ ದಾರಿ ಹೊಸದು. ಆ ದೇಶದಲ್ಲಿ ನೂರಕ್ಕೆ ಸುಮಾರು 29 ಮಂದಿ ಅರುವತ್ತೈದು ದಾಟಿದವರು. ಮುಪ್ಪಿನವರ ಆರೈಕೆಗೆ ಎಳೆಯ ಕೈಗಳು ಸಾಲವು. ಆದ್ದರಿಂದ 2019ರ ಏಪ್ರಿಲಿನಿಂದ ಅವರು ಕೌಶಲ ಬಲ್ಲ ಪರದೇಶದವರನ್ನು ಐದು ವರ್ಷಗಳ ಅವಧಿಗೆ ಕರೆಸಿಕೊಳ್ಳುವ ಹೊಸ ಏರ್ಪಾಡು ಮಾಡಿದರು. 2021ರ ಜನವರಿಯಲ್ಲಿ ಭಾರತವೂ ಆ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಕೆಲಸದ ಪರೀಕ್ಷೆಯೊಂದು, ಭಾಷೆಯ ಪರೀಕ್ಷೆಯೊಂದು, ಆರೈಕೆಯ ಕೆಲಸಕ್ಕೆ ಬೇಕಾದ ಭಾಷೆಯ ಪರೀಕ್ಷೆ ಮತ್ತೊಂದು, ಇಷ್ಟನ್ನೂ ದಾಟಿದವರಿಗೆ ಪ್ರವೇಶ.

ಭಾಷೆ ಕಲಿಯಲೆಂದು ಅವಳು ಪುಣೆಗೆ ಹೋದಳು. ಹೋದ ವಾರದಲ್ಲಿಯೇ ಫೋನು ಬಂತು, ಅಳುವ ಧ್ವನಿ. "ನನಗ ಆಗೂದಿಲ್ರಿ ಸರ್. ಎಲ್ಲಾ ಗೀಚಿಧಂಗ ಕಾಣಸ್ತದ. ವಾಪಸ್ ಬರ್ತೀನ್ರಿ" ಎಂದಳು. ತಂದೆಯವರು ಸೊಸಾಯಿಟಿಯಲ್ಲಿ ಸಾಲ ಎತ್ತಿ ಶುಲ್ಕ ತುಂಬಿದ್ದರು. ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಸುಮ್ಮನಿರಲಾರದೆ, "ಬರೆದದ್ದನ್ನು ಬಿಡು, ಬಾಯಿಂದ ಓದಿ ತೋರಿಸು ನೋಡೋಣ" ಎಂದೆವು. ಅವಳು ಓದಿದಳು: ಅ, ಇ, ಉ, ಎ, ಒ. ಮುಂದೆ? ಕ, ಕಿ, ಕು, ಕೆ, ಕೊ. ಅದರ ಮುಂದೆ ಸ, ತ, ನ, ಹ, ಮ, ಯ, ರ, ವ. "ತಡೆ, ತಡೆ" ಎಂದು ನಾವು ಕುರ್ಚಿಯಿಂದ ಎದ್ದೇಬಿಟ್ಟೆವು. ಇದು ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲವೇ! ಕಾಗುಣಿತವೇ ಅಲ್ಲವೇ!

ತರಬೇತಿ ಕಾಲೇಜಿನಲ್ಲಿ ನಮಗೆ ಕಲಿಸಿದ ಸೂತ್ರಗಳಲ್ಲಿ ಇಂದಿಗೂ ತುಕ್ಕು ಹಿಡಿಯದುದೆಂದರೆ, ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಿಸಬೇಕೆಂಬುದು. ಅಂದೇ ನಾವೂ ಒಂದು ವಹಿಯನ್ನು ತೆರೆದು ಅವಳೊಡನೆ ಜಪಾನೀ ಕಲಿಯತೊಡಗಿದೆವು. ಐವತ್ತು ದಾಟಿದ ತಲೆಗೆ ಅದು ಹತ್ತುವುದು ಅಷ್ಟಕ್ಕಷ್ಟೆ. ಆದರೆ ಕಲಿಸುವವನು ಆಗಾಗ ವಿದ್ಯಾರ್ಥಿಯಾಗಿ ಪೆಟ್ಟು ತಿನ್ನುವುದು ಒಳ್ಳೆಯದು.

ಈ ಹೋಲಿಕೆ ಆಕಸ್ಮಿಕವಲ್ಲ. ಬೋಧಿಸೇನನೆಂಬ ಭಾರತೀಯ ಭಿಕ್ಷು 736ರಲ್ಲಿ ಜಪಾನನ್ನು ತಲುಪಿದನು. 752ರಲ್ಲಿ ನಾರಾ ಪಟ್ಟಣದ ಮಹಾಬುದ್ಧ ವಿಗ್ರಹದ ನೇತ್ರೋನ್ಮೀಲನವನ್ನು ನೆರವೇರಿಸಿದವನು ಆತನೇ. ಮುಂದೆ ಕೂಕಾಯಿ ಎಂಬ ಜಪಾನೀ ಸನ್ಯಾಸಿ ಚೀನಕ್ಕೆ ಹೋಗಿ 806ರಲ್ಲಿ ಮರಳುವಾಗ ಸಿದ್ಧಂ ಎಂಬ ಭಾರತೀಯ ಲಿಪಿಯ ವಿದ್ಯೆಯನ್ನು ತಂದನು. ಮಂತ್ರಗಳನ್ನು ಶುದ್ಧವಾಗಿ ಉಚ್ಚರಿಸಬೇಕೆಂದು ಅಲ್ಲಿಯ ಭಿಕ್ಷುಗಳು ಸಂಸ್ಕೃತದ ವರ್ಣವಿಚಾರವನ್ನು ಅಭ್ಯಸಿಸಿದರು. ಆ ಅಭ್ಯಾಸದಿಂದಲೇ ಹನ್ನೊಂದನೆಯ ಶತಮಾನದ ಹೊತ್ತಿಗೆ ಅವರ ಐವತ್ತು ಧ್ವನಿಗಳ ಪಟ್ಟಿಕೆ ರೂಪುಗೊಂಡಿತು. ಇಂದು ಅವರ ನಿಘಂಟುಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿವೆ. ನಮ್ಮ 'ಚ' ಇರಬೇಕಾದಲ್ಲಿ 'ಸ', 'ಪ' ಇರಬೇಕಾದಲ್ಲಿ 'ಹ' ಇರುವುದೇಕೆಂದರೆ, ಅವರ 'ಸ' ಹಿಂದೆ 'ಚ'ಕಾರದ ಸಮೀಪದ ಧ್ವನಿಯಾಗಿತ್ತು, 'ಹ' ಹಿಂದೆ 'ಪ' ಆಗಿತ್ತು. ಹಾಲು ಮೊದಲು ಪಾಲಾಗಿತ್ತೆಂದು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗಿ ವಾಪಸು ಬರಲಿಲ್ಲ. ಹಿರಗಾನಾ ಎಂಬ ಮೊದಲ ಲಿಪಿಯ 46 ಅಕ್ಷರಗಳನ್ನು ಹದಿನೈದು ದಿನಗಳಲ್ಲಿ ತಿದ್ದಿ ಮುಗಿಸಿದಳು. ಹೊರದೇಶದ ಶಬ್ದಗಳಿಗೆಂದೇ ಇರುವ ಕತಕಾನಾ ಎಂಬ ಎರಡನೆಯ ಲಿಪಿಯಲ್ಲಿ ತನ್ನ ಹೆಸರನ್ನೂ ಊರಿನ ಹೆಸರನ್ನೂ ಬರೆದು ಕಳಿಸಿದಳು. ಅವರಲ್ಲಿ 'ಡ' ಇಲ್ಲ, ಶಬ್ದದ ಕೊನೆಗೆ ಒಂಟಿ ವ್ಯಂಜನ ನಿಲ್ಲುವುದೂ ಅಪರೂಪ. ಆದ್ದರಿಂದ ನಮ್ಮ ಬೇಡಗ 'ಬೇದಗು' ಆಗಿದೆ. ಬಸ್ಸು ಅವರಿಗೆ 'ಬಸು', ಬೆಂಚು 'ಬೆಂಚಿ', ಹೊಟೆಲು 'ಹೊತೆರು'. ಪರಭಾಷೆಯ ಶಬ್ದಕ್ಕೆ ಒಂದು ಸ್ವರದ ಬಾಲ ಹಚ್ಚದೆ ಒಳಗೆ ಬಿಡಬಾರದೆಂಬ ನಿಯಮ ನಮ್ಮಲ್ಲಿಯಂತೆ ಅಲ್ಲಿಯೂ ಇದೆ.

ಹ್ರಸ್ವ ದೀರ್ಘಗಳ ವಿಷಯದಲ್ಲಿ ಅವಳಿಗೆ ಕನ್ನಡ ನೇರವಾಗಿ ನೆರವಾಯಿತು. ಜಪಾನಿಯಲ್ಲಿ 'ಒಬಸನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ. 'ಒಬಾಸನ್' ಎಂದರೆ ಅಜ್ಜಿ. ನಡುವಯಸ್ಸಿನ ಹೆಂಗಸಿನೆದುರು 'ಬಾ' ಎಳೆದರೆ ಕಥೆ ಮುಗಿಯಿತು. 'ಕಿತೆ' ಎಂದರೆ ಬಾ ಎಂದು. 'ಕಿತ್ತೆ' ಎಂದರೆ ಅಂಚೆಯ ಚೀಟಿ. ಕತೆ, ಕತ್ತೆಗಳನ್ನು ಬೇರೆಯಾಗಿ ನುಡಿಯಲು ಒಂದನೆಯ ಇಯತ್ತೆಯಲ್ಲಿಯೇ ಕಲಿತವರಿಗೆ ಇದೇನು ಮಹಾ? ಎ, ಏ, ಒ, ಓಗಳ ಭೇದ ಮರಾಠಿಯಲ್ಲಿ ಇಲ್ಲದಿರುವುದರಿಂದ ವರ್ಗದ ಗೆಳತಿಯರು ಅಲ್ಲಿ ಎಡವುತ್ತಿದ್ದರಂತೆ.

ವಾಕ್ಯರಚನೆಯಂತೂ ಪರಿಚಿತ ಓಣಿಯೇ. 'ವತಶಿ ವ ಬೇದಗು ಕರ ಕಿಮಶಿತ' ಎಂದರೆ ನಾನು ಬೇಡಗದಿಂದ ಬಂದೆನು ಎಂದರ್ಥ. 'ಕರ' ಎಂಬುದು ನಮ್ಮ 'ಇಂದ'. ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿ ನಾಮದ ಹಿಂದೆಯೇ ನಡೆಯುತ್ತದೆ. 'ತಬೆತೆ ಮಿರು' ಎಂದರೆ ತಿಂದು ನೋಡು. 'ಮಿರು' ಎಂದರೆ ನೋಡುವುದೇ! 'ತಬೆತೆ ಶಿಮತ್ತ' ಎಂದರೆ ತಿಂದುಬಿಟ್ಟೆ. ಇಂಗ್ಲಿಷಿನ ಮೂಲಕ ಬರೆದ ಪುಸ್ತಕ ಇದನ್ನು ವಿವರಿಸಲು ಎರಡು ಪುಟ ವ್ಯಯಿಸಿದೆ. ನಮಗೆ ಎರಡು ಶಬ್ದ ಸಾಕಾಯಿತು. ಇಲ್ಲಿ ಮರಾಠಿಯೂ ನಮ್ಮಂತೆಯೇ ನಡೆಯುತ್ತದೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಹೆಮ್ಮೆಯನ್ನೆಲ್ಲ ಕನ್ನಡವೊಂದೇ ಹೊತ್ತುಕೊಳ್ಳಬೇಕಿಲ್ಲ. ಇನ್ನು ಇದು, ಅದು, ಯಾವುದು ಎಂಬುದಕ್ಕೆ 'ಕೊರೆ, ಸೊರೆ, ಅರೆ, ದೊರೆ' ಎಂದು ನಾಲ್ಕು ರೂಪಗಳು. ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಹೇಳಿದಾಗ 'ದೊರೆ'ಗೆ ನಕ್ಕದ್ದೇ ನಕ್ಕದ್ದು. ಹೆಚ್ಚಿನ ರೂಪವೊಂದು ಏಕೆಂದು ಅವಳು ಕೇಳಿದಳು. ಇದು, ಅದುಗಳ ನಡುವಣ 'ಉದು' ಎಂಬ ರೂಪ ಹಳಗನ್ನಡದಲ್ಲಿ ಇದ್ದುದನ್ನು ನೆನಪಿಸಿದೆವು.

ಇಷ್ಟೆಲ್ಲ ಕಂಡ ಮೇಲೆ ಜಪಾನಿಯೂ ದ್ರಾವಿಡ ಭಾಷೆಯೇ ಎಂದು ಕೂಗಿಕೊಳ್ಳುವ ಆಸೆ ಯಾರಿಗಾದರೂ ಆದೀತು. ಓನೊ ಸುಸುಮು ಎಂಬ ಜಪಾನೀ ವಿದ್ವಾಂಸರು ತಮಿಳಿಗೂ ಜಪಾನಿಗೂ ಸಂಬಂಧವುಂಟೆಂದು ವರ್ಷಗಟ್ಟಲೆ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಬಹುತೇಕರು ಅದನ್ನು ಒಪ್ಪಲಿಲ್ಲ. ನಾವೂ ಒಪ್ಪುವುದಿಲ್ಲ. ಒಂದೇ ಬಗೆಯ ಜಂತಿ ತೊಲೆ ಹಾಕಿದ ಮಾತ್ರಕ್ಕೆ ಎರಡು ಮನೆಯವರು ದಾಯಾದಿಗಳಾಗುವುದಿಲ್ಲ.

ಕಷ್ಟಗಳನ್ನು ಮುಚ್ಚಿಡಲಾಗದು. ಮೂರನೆಯ ಲಿಪಿಯಾದ ಕಂಜಿ ಚೀನದಿಂದ ಬಂದ ಚಿತ್ರಾಕ್ಷರಗಳ ಸಾಗರ. ನಿತ್ಯ ಬಳಕೆಗೆಂದು ಸರಕಾರ ಗೊತ್ತುಪಡಿಸಿದವು 2136. ಅವುಗಳಲ್ಲಿ 1026ನ್ನು ಅಲ್ಲಿಯ ಮಕ್ಕಳು ಆರು ವರ್ಷಗಳ ಪ್ರಾಥಮಿಕ ಶಾಲೆಯಲ್ಲಿ ಕಲಿಯುತ್ತಾರೆ, ಒಂದನೆಯ ಇಯತ್ತೆಯಲ್ಲಿ 80. ಒಂದು ಮರ ಬರೆದರೆ ಮರ, ಎರಡು ಬರೆದರೆ ತೋಪು, ಮೂರು ಬರೆದರೆ ಅಡವಿ ಎಂಬುದು ಕೇಳಲು ಸೊಗಸು. ಆದರೆ ಒಂದೇ ಅಕ್ಷರಕ್ಕೆ ಹಲವು ಉಚ್ಚಾರ. ರವಿವಾರಕ್ಕೆ 'ನಿಚಿಯೋಬಿ' ಎನ್ನುತ್ತಾರೆ; ಸೂರ್ಯನ ಅಕ್ಷರ ಅದರಲ್ಲಿ ಎರಡು ಸಲ ಬರುತ್ತದೆ, ಮೊದಲು 'ನಿಚಿ'ಯಾಗಿ, ಕೊನೆಗೆ 'ಬಿ'ಯಾಗಿ! ನಮ್ಮ ವಹಿ ಇಲ್ಲಿಗೇ ನಿಂತುಹೋಯಿತು. ಅವಳು ಮುಂದೆ ನಡೆದಳು, ಮೂರು ಪರೀಕ್ಷೆಗಳಲ್ಲಿ ಒಂದನ್ನು ಎರಡನೆಯ ಸಲಕ್ಕೆ, ಉಳಿದವನ್ನು ಮೊದಲ ಸಲಕ್ಕೆ ದಾಟಿ ಓಸಾಕಾ ಪಟ್ಟಣದ ಸಮೀಪದ ಒಂದು ವೃದ್ಧಾಶ್ರಮವನ್ನು ಸೇರಿದಳು.

ಪರೀಕ್ಷೆ ದಾಟಿದ ಭಾಷೆ ಬೇರೆ, ಮುದುಕರಾಡುವ ಭಾಷೆ ಬೇರೆ. ಪುಸ್ತಕದಲ್ಲಿ ಕೃತಜ್ಞತೆಗೆ 'ಅರಿಗತೋ' ಎಂದಿದ್ದರೆ ಅಲ್ಲಿಯ ಹಿರಿಯರು 'ಓಕಿನಿ' ಎನ್ನುತ್ತಾರೆ. ಕೂಡದು ಎಂಬುದಕ್ಕೆ 'ಅಕನ್' ಎನ್ನುತ್ತಾರೆ. ಪಠ್ಯದಲ್ಲಿ 'ಹೋಗುತ್ತಿದ್ದೇನೆ' ಎಂದು ಕಲಿತು ಬಂದವನಿಗೆ ನಮ್ಮೂರವರು 'ಹೊಂಟೀನಿ' ಎಂದಂತೆ. ಚಹಾ ಬೇಕೇ ಎಂದು ಕೇಳಿದರೆ ಮುದುಕರೊಬ್ಬರು 'ಈ ದೆಸು' ಎಂದರು. 'ಈ' ಎಂದರೆ ಒಳ್ಳೆಯದು. ಇವಳು ಬಟ್ಟಲು ತುಂಬಿಕೊಟ್ಟಳು. ಅವರು ಹೇಳಿದ್ದು ಬೇಡವೆಂದು. ನಮ್ಮ 'ಇರ್ಲಿ ಬಿಡ್ರಿ' ಎಂಬುದೂ ಹೊರಗಿನವರಿಗೆ ಹೀಗೆಯೇ ತೊಡಕಾದೀತು. ಗೌರವದ ಮಾತಿನಲ್ಲಿಯೂ ಅವಳು ಎಡವಿದಳು. ಪರರ ಹೆಸರಿಗೆ 'ಸನ್' ಹಚ್ಚುವರು, ತನ್ನದಕ್ಕೆ ಹಚ್ಚಬಾರದು. ಹೊರಗಿನವರ ಮುಂದೆ ತನ್ನ ತಂದೆಯನ್ನು ಕುರಿತು ಬಹುಮಾನದ ರೂಪ ಬಳಸಲೇಬಾರದು. ತಂದೆಗೆ 'ಅಪ್ಪಾರು' ಎನ್ನುವ ಹುಡುಗಿಗೆ ಇದು ನಾಲಗೆಗೆ ಮುಳ್ಳಾಯಿತು.

ಇವೆಲ್ಲ ನಕ್ಕು ಮರೆಯುವ ಸಂಗತಿಗಳು. ಕಳೆದ ಚಳಿಗಾಲದಲ್ಲಿ ನಡೆದದ್ದು ಅಂಥದಲ್ಲ.

ನಮ್ಮ ಅನುಕರಣಾವ್ಯಯಗಳಂಥ ಶಬ್ದಗಳು ಜಪಾನಿಯಲ್ಲಿ ಹೇರಳ. ಮಿನುಗುವುದು 'ಪಿಕಪಿಕ', ಗುಡುಗು 'ಗೊರೊಗೊರೊ', ಜಿಟಿಜಿಟಿ ಮಳೆ 'ಶಿತೊಶಿತೊ'. ಮಕ್ಕಳ ಕಥೆಯ ಪುಸ್ತಕವೊಂದರಲ್ಲಿ ಹುಡುಗಿಯೊಬ್ಬಳು 'ಶಿಕುಶಿಕು' ಎಂದು ಅತ್ತಳೆಂದು ಇವಳು ಓದಿದ್ದಳು. ಬಿಕ್ಕಿಬಿಕ್ಕಿ ಅಳುವುದೆಂದು ವಹಿಯಲ್ಲಿ ಬರೆದುಕೊಂಡಿದ್ದಳು. ಒಂದು ರಾತ್ರಿ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಹಾಸಿಗೆಯಲ್ಲಿ ಮುದುಡಿಕೊಂಡು 'ಶಿಕುಶಿಕು' ಎಂದರು. ಮನೆಯವರ ನೆನಪಾಗಿ ಅಳು ಬರುತ್ತಿದೆಯೆಂದು ಭಾವಿಸಿ ಇವಳು ಪಕ್ಕದಲ್ಲಿ ಕುಳಿತು ಕೈ ಹಿಡಿದಳು. ಅಜ್ಜಿಯೂ ಇವಳ ಕೈಯನ್ನು ಬಿಡಲಿಲ್ಲ. ಒಂದು ತಾಸಿನ ಮೇಲೆ ಬಂದ ಹಿರಿಯ ದಾದಿಯು ಒಂದೇ ಮಾತಿನಲ್ಲಿ ತಿಳಿದುಕೊಂಡಳು. ಹೊಟ್ಟೆಯಲ್ಲಿ ಬಿಡದೆ ಹಿಂಡುವ ಮಂದವಾದ ನೋವಿಗೂ 'ಶಿಕುಶಿಕು' ಎಂದೇ ಹೆಸರು! ವೈದ್ಯರನ್ನು ಕರೆಸಿದರು, ಆಸ್ಪತ್ರೆಗೆ ಸಾಗಿಸಿದರು. ಅಜ್ಜಿ ಉಳಿದುಕೊಂಡರು. ಯಾರೂ ಇವಳನ್ನು ಗದರಿಸಲಿಲ್ಲ. ಅದೇ ಇವಳಿಗೆ ಹೆಚ್ಚು ನೋಯಿಸಿತು. "ಒಂದ್ ತಾಸ್ ಸುಮ್ನ ಕುಂತಿದ್ನೆಲ್ರಿ ಸರ್" ಎಂದು ಆ ರವಿವಾರ ಅದನ್ನೇ ಮೂರು ನಾಲ್ಕು ಸಲ ಹೇಳಿದಳು.

ಮುಂದಿನ ವಾರ ಅವಳದೊಂದು ಬೇಡಿಕೆ ಬಂತು. ನೋವಿನ ಜಪಾನೀ ಶಬ್ದಗಳನ್ನು ಅವಳು ಕೂಡಿಸಿಟ್ಟಿದ್ದಳು: ನಾಡಿಯಂತೆ ಮಿಡಿದು ಸಿಡಿಯುವುದು 'ಜುಕಿಜುಕಿ', ಮುಳ್ಳಿನಂತೆ ಚುಚ್ಚುವುದು 'ಚಿಕುಚಿಕು', ಚರ್ಮ ಉರಿಯುವುದು 'ಹಿರಿಹಿರಿ', ತಲೆಯಲ್ಲಿ ಬಡಿದಂತಾಗುವುದು 'ಗನ್ಗನ್'. ಇವುಗಳ ಮುಂದೆ ಇಂಗ್ಲಿಷಿನ ಅರ್ಥ ಬರೆದರೆ ನೆನಪಿನಲ್ಲಿ ನಿಲ್ಲುವುದಿಲ್ಲ. ತಮ್ಮ ಆಯಿ ಬಳಸುವ ಮಾತು ಬೇಕು, ಸರ್ ತಾವೇ ಹೋಗಿ ಕೇಳಿ ಬರೆದು ಕಳಿಸಬೇಕು.

ನಾವು ಎಲೆತೋಟಕ್ಕೆ ಹೋದೆವು. ಆಯಿ ಎಲೆಗಳನ್ನು ಕಟ್ಟು ಕಟ್ಟುತ್ತಿದ್ದರು. "ನೋವಿಗೆ ಏನೇನು ಅಂತೀರಿ ಆಯಿ?" ಎಂದು ಕೇಳಿದರೆ ಮೊದಲು ನಕ್ಕರು. ಬಳಿಕ ಅವರ ಬಾಯಿಂದ ಬಂದುದನ್ನು ಬರೆದು ಪೂರೈಸುವುದೇ ನಮಗೆ ಕಷ್ಟವಾಯಿತು. "ತಲಿ ಸಿಡೀತದ, ಹೊಟ್ಟಿ ನುಲೀತದ, ಕಣ್ಣು ಚುರುಚುರು ಅಂತಾವ, ಕಾಲು ಜುಮುಜುಮು ಅಂತಾವ, ಬೆನ್ನಾಗ ಚಳಕ ಹೊಡೀತದ, ಹಲ್ಲು ಜುಂ ಅಂತದ, ಎದಿ ಧಸ್ ಅಂತದ..." ಇವುಗಳಲ್ಲಿ ಅರ್ಧದಷ್ಟು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದ ನಾವು ಒಂದನ್ನೂ ಹಲಗೆಯ ಮೇಲೆ ಬರೆದವರಲ್ಲ. ಮರುದಿನ ನಾಲ್ಕನೆಯ ಇಯತ್ತೆಯ ಮಕ್ಕಳಿಗೆ, ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದುಕೊಂಡು ಬರಲು ಹೇಳಿದೆವು.

ಅದೇ ವಾರ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಕಿರಿಯ ಮಗನ ದಾಖಲೆ ಬೇಕೆಂದರು. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕುವವರಿದ್ದರು. "ತಪ್ಪು ತಿಳಕೋಬ್ಯಾಡ್ರಿ ಸರ್, ಅಕ್ಕನ ಹಂಗ ಇವನೂ ಹೊರಗ ಹೋಗ್ಲಿ ಅಂತ" ಎಂದರು. ಅಕ್ಕ ಹೋದದ್ದು ಇದೇ ಶಾಲೆಯಿಂದ ಎಂಬ ಮಾತು ನಮ್ಮ ಬಾಯಿಯವರೆಗೆ ಬಂದಿತ್ತು. ಆದರೆ ಅವಳಿಗೆ ಕೆಲಸ ಕೊಡಿಸಿದ್ದು ಕಾಗುಣಿತವಲ್ಲ, ಮಿರಜಿನ ದಾದಿಯ ಶಿಕ್ಷಣ. ತಂದೆಯ ಲೆಕ್ಕ ಪೂರ್ತಿ ತಪ್ಪೆಂದು ಹೇಳುವ ಧೈರ್ಯ ನಮಗಾಗಲಿಲ್ಲ. ಪಟದಲ್ಲಿ ಒಂದು ಹೆಸರು ಕಡಿಮೆಯಾದರೆ ಶಾಲೆಗೆ ಏನಾಗುತ್ತದೆಂಬುದು ಗಡಿಭಾಗದ ವಾಚಕರಿಗೆ ಗೊತ್ತೇ ಇದೆ. ದಾಖಲೆಯನ್ನು ಬರೆದುಕೊಟ್ಟೆವು.

ಹುಡುಗ ಹೊಸ ಶಾಲೆಗೆ ಹೋಗುವ ಮುನ್ನಾದಿನ ಬಂದು ಒಂದು ಹಾಳೆ ಕೊಟ್ಟುಹೋದನು. ಆಯಿಯ ನೆನಪಿಗೆ ಮತ್ತೆ ಬಂದ ಒಂಬತ್ತು ಶಬ್ದಗಳು, ದೀರ್ಘಗಳೆಲ್ಲ ಸರಿಯಾಗಿ. ಎಲ್ಲವನ್ನೂ ಒಂದು ವಹಿಯಲ್ಲಿ ನಕಲು ಮಾಡಿ ಮಿರಜಿನ ಅಂಚೆಯಿಂದ ಕಳಿಸಿದ್ದೇವೆ. ಹಿಂದಿನ ರವಿವಾರ ಫೋನು ಬಂದಾಗ ಆಯಿ ನಮ್ಮ ಮನೆಯಲ್ಲಿಯೇ ಇದ್ದರು. ಮೊಮ್ಮಗಳ ಕ್ಷೇಮಸಮಾಚಾರ ಮುಗಿದ ಮೇಲೆ ಫೋನನ್ನು ನಮ್ಮ ಕೈಗೆ ಕೊಡದೆ, "ಆ ಮುದುಕಿ ಈಗ ಉಣ್ತಾಳೇನ? ಹೊಟ್ಟಿ ನುಲಿಯೂದು ನಿಂತದೇನ?" ಎಂದು ಕೇಳಿದರು.