ಸಿಲೊವಾಮಿನ ಬುರುಜು, ಲಿಸ್ಬನ್ನಿನ ಭೂಕಂಪ

1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಸಕಲ ಸಂತರ ಹಬ್ಬ. ಚರ್ಚುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಳಿಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ ನೆಲ ನಡುಗಿ, ಕಲ್ಲಿನ ಚಾವಣಿಗಳು ಪ್ರಾರ್ಥನೆಗೆ ಬಂದವರ ತಲೆಯ ಮೇಲೆಯೇ ಕುಸಿದವು. ಬಯಲು ಸಿಕ್ಕೀತೆಂದು ನದೀತೀರಕ್ಕೆ ಓಡಿದವರನ್ನು ಉಕ್ಕಿಬಂದ ಕಡಲು ಎಳೆದೊಯ್ದಿತು. ಹಬ್ಬಕ್ಕೆಂದು ಹಚ್ಚಿದ ಮೇಣದ ಬತ್ತಿಗಳು ಉರುಳಿ ಹತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ.

ದೇವರು ಸರ್ವಾಧಿಕಾರಿ, ಆತನೇ ನ್ಯಾಯಾಧಿಪತಿ ಎಂಬುದು ಕ್ರೈಸ್ತ ನಂಬಿಕೆಯ ತಳಹದಿ. ಹಾಗಾದರೆ ಹಬ್ಬದ ದಿನ, ಆತನ ಮನೆಯಲ್ಲಿಯೇ ಇಂಥ ಶಿಕ್ಷೆ ಏಕೆ? ಯುರೋಪಿನ ಉದ್ದಗಲಕ್ಕೂ ಜನ ಇದನ್ನೇ ಕೇಳತೊಡಗಿದರು. ಜೆಸ್ವಿಟ್ ಪಾದ್ರಿ ಗೇಬ್ರಿಯಲ್ ಮಲಗ್ರೀಡ ಅವರಿಗೆ ಮಾತ್ರ ಸಂಶಯವೇ ಇರಲಿಲ್ಲ. ನಗರದ ಪಾಪವೇ ಕಾರಣ, ಪ್ರಕೃತಿಯಲ್ಲಿ ಕಾರಣ ಹುಡುಕುವುದು ತಪ್ಪು ಎಂದು ಅವರು 1756ರಲ್ಲಿ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದರು.

ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿಕೊಂಡ ಮಂತ್ರಿಗೆ ಇದು ಹಿಡಿಸಲಿಲ್ಲ. ಬಿದ್ದ ಊರನ್ನು ಮತ್ತೆ ಕಟ್ಟಬೇಕಾಗಿತ್ತು. ಮಲಗ್ರೀಡರನ್ನು ಊರು ಬಿಡಿಸಲಾಯಿತು. 1761ರಲ್ಲಿ ಆ ಮುದಿ ಪಾದ್ರಿಯನ್ನು ಧರ್ಮದ್ರೋಹಿಯೆಂದು ಕತ್ತು ಬಿಗಿದು ಕೊಂದು ಸುಟ್ಟರು. ವಿಚಾರದ ಪರ ನಿಂತವರ ಕೈಯೂ ಚೊಕ್ಕಟವಾಗಿರಲಿಲ್ಲ.

ಅದೇ ಮಂತ್ರಿ ಮಾಡಿದ ಇನ್ನೊಂದು ಕೆಲಸ ವಿದ್ಯಾರ್ಥಿಗಳು ಗಮನಿಸುವಂಥದು. ನಡುಕ ಎಷ್ಟು ಹೊತ್ತು ಇತ್ತು, ಎಷ್ಟು ಮನೆ ಬಿದ್ದವು, ಸತ್ತವರೆಷ್ಟು, ಕಡಲಿನಲ್ಲಿ ಏನು ಬದಲಾವಣೆ ಕಂಡಿತು ಎಂಬ ಪ್ರಶ್ನೆಗಳ ಪಟ್ಟಿ ದೇಶದ ಊರೂರಿನ ಪಾದ್ರಿಗಳಿಗೆ ಹೋಯಿತು. ಪಾದ್ರಿಗಳು ಕೂತು ಉತ್ತರ ಬರೆದರು. ಉಳಿದುಬಂದ ಆ ಉತ್ತರಗಳನ್ನು ಭೂಕಂಪ ವಿಜ್ಞಾನಿಗಳು ಇಂದಿಗೂ ಓದುತ್ತಾರೆ. ಹೊಸದಾಗಿ ಎದ್ದ ಮನೆಗಳ ಗೋಡೆಯೊಳಗೆ, ನಡುಕವನ್ನು ತಾಳಲೆಂದು, ಮರದ ಚೌಕಟ್ಟು ಬಂತು. ಅತ್ತ ಪ್ರಷ್ಯದಲ್ಲಿ ಇನ್ನೂ ಹೆಸರು ಮಾಡದ ಕಾಂಟ್ ಎಂಬ ತರುಣ ಅಧ್ಯಾಪಕ ಭೂಕಂಪದ ಮೇಲೆ ಮೂರು ಲೇಖನ ಬರೆದ. ನೆಲದಡಿಯ ಗುಹೆಗಳ ಬಗ್ಗೆ ಅವನು ಮಾಡಿದ ಊಹೆ ತಪ್ಪು. ಕಾರಣವನ್ನು ನೆಲದಲ್ಲೇ ಹುಡುಕಿದ್ದು ಸರಿ.

ವಿಚಿತ್ರವೆಂದರೆ, ಮಲಗ್ರೀಡರ ಕೈಯಲ್ಲಿದ್ದ ಬೈಬಲ್ಲೇ ಅವರಷ್ಟು ಸಲೀಸಾಗಿ ತೀರ್ಪು ಕೊಡುವುದಿಲ್ಲ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತ ಪ್ರಸಂಗ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಸತ್ತವರು ಜೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇನು ಎಂದು ಯೇಸುವೇ ಕೇಳಿ, ಅಲ್ಲವೆನ್ನುತ್ತಾನೆ. ಹಾಗೆಂದು ನ್ಯಾಯತೀರ್ಪಿನ ಮಾತನ್ನು ಕೈಬಿಡುವುದೂ ಇಲ್ಲ. ತಿದ್ದಿಕೊಳ್ಳಿ ಎಂಬ ಎಚ್ಚರಿಕೆ ಇರುವುದು ಬದುಕಿ ಕೇಳುತ್ತಿರುವವರಿಗೆ. ಸತ್ತವರ ಲೆಕ್ಕಪುಸ್ತಕ ತೆರೆಯುವ ಅಧಿಕಾರವನ್ನು ಅಲ್ಲಿ ಯಾರಿಗೂ ಕೊಟ್ಟಿಲ್ಲ.

ಯೋಬನ ಗ್ರಂಥವೂ ಹಾಗೆಯೇ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನಿಗೆ ಅವನ ಗೆಳೆಯರು ಹೇಳುವುದು, ಕನ್ನಡದಲ್ಲಿ ಹೇಳುವುದಾದರೆ, ‘ಮಾಡಿದ್ದುಣ್ಣೋ ಮಹರಾಯ’. ಕೊನೆಗೆ ದೇವರು ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆ. ಯೋಬನಿಗೆ ಮಾತ್ರ ಕಷ್ಟದ ಕಾರಣ ತಿಳಿಯುವುದೇ ಇಲ್ಲ.

ಲಿಸ್ಬನ್ನಿನ ಕಾರ್ಮೋ ಮಠದ ಚರ್ಚಿಗೆ ಆ ದಿನ ಬಿದ್ದ ಚಾವಣಿಯನ್ನು ಮತ್ತೆ ಹೊದಿಸಿಲ್ಲ. ಅದರ ಕಮಾನುಗಳು ಬರೀ ಆಕಾಶದ ಕೆಳಗೆ ಈಗಲೂ ನಿಂತಿವೆ.