ತಕರಾರಿನ ಊರು ಯಾವುದು?

ಭಿನ್ನಾಭಿಪ್ರಾಯಕ್ಕೆ ಕನ್ನಡದ ಆಡುಮಾತಿನಲ್ಲಿರುವ ಪದಗಳಲ್ಲಿ ಹಲವು ಹುಟ್ಟಿದಾಗ ಜಗಳಗಂಟಿಗಳಾಗಿರಲಿಲ್ಲ. ‘ತಕರಾರು’ ಅರಬ್ಬಿಯಲ್ಲಿ ‘ತಕ್ರಾರ್’. ಹೇಳಿದ್ದನ್ನೇ ಮತ್ತೆ ಹೇಳುವುದು ಎಂದಷ್ಟೇ ಅರ್ಥ. ಪಾರಸಿ, ಉರ್ದುಗಳನ್ನು ಹಾದು ಬರುವಷ್ಟರಲ್ಲಿ ಅದು ವಾಗ್ವಾದವಾಯಿತು. ಒಂದೇ ಮಾತನ್ನು ಇಬ್ಬರೂ ಬಿಡದೆ ಆಡಿದರೆ ಆಗುವುದು ಅದೇ ತಾನೆ! ಆದಿಲಶಾಹಿ ಬಿಜಾಪುರದಲ್ಲಿ, ಮುಂದೆ ಹೈದರ್–ಟಿಪ್ಪು ಕಾಲದ ಮೈಸೂರಿನಲ್ಲಿ ಆಡಳಿತದ ಜೊತೆಗೆ ಪಾರಸಿ ಮಾತುಗಳು ಹಳ್ಳಿಯ ಚಾವಡಿಯವರೆಗೂ ಇಳಿದವು. ಜಮೀನಿನ ಖಾತೆ ಬದಲಾವಣೆಗೆ ಆಕ್ಷೇಪವಿದ್ದವರು ಇಂದಿಗೂ ಕೊಡುವುದು ‘ತಕರಾರು ಅರ್ಜಿ’. ಕ್ರಯಪತ್ರಗಳಲ್ಲಿ ಅದರ ಜೊತೆ ಬರುವ ‘ತಂಟೆ’ಗೆ ಮರಾಠಿಯ ‘ತಂಟಾ’ ಒಡಹುಟ್ಟು.

‘ತಗಾದೆ’ಯ ಕಥೆ ಇನ್ನೂ ಸ್ವಾರಸ್ಯದ್ದು. ಉರ್ದುವಿನ ‘ತಕಾಜಾ’ ಎಂದರೆ ಬರಬೇಕಾದ ಬಾಕಿಗೆ ಒತ್ತಾಯ ಮಾಡುವುದು. ಕೊಟ್ಟ ಹಣ ಕೇಳುವುದು ನ್ಯಾಯವೇ. ಆದರೆ ಕನ್ನಡದಲ್ಲಿ ತಗಾದೆ ತೆಗೆಯುವವನು ಸಲ್ಲದ ನೆಪ ಹಿಡಿದು ಎದುರಾಡುವವನು. ಈ ಪದದ ಹಣೆಬರಹ ಬರೆದವರು ಸಾಲಗಾರರೇ ಇರಬೇಕು.

ಪಂಡಿತರ ಮಾತಿಗೂ ಇದೇ ಗತಿ. ‘ರಾದ್ಧಾಂತ’ ಸಂಸ್ಕೃತದಲ್ಲಿ ವಾದವೆಲ್ಲ ಮುಗಿದ ಮೇಲೆ ನಿಲ್ಲುವ ತೀರ್ಮಾನ. ಅಮರಕೋಶವು ಅದನ್ನೂ ‘ಸಿದ್ಧಾಂತ’ವನ್ನೂ ಸಮಾನಾರ್ಥಕಗಳೆಂದು ಹೇಳುತ್ತದೆ. ಸಿದ್ಧಾಂತ ತನ್ನ ಗೌರವ ಉಳಿಸಿಕೊಂಡಿತು. ರಾದ್ಧಾಂತವೋ, ಮದುವೆಮನೆಯಲ್ಲಿ ಬೀಗರು ಊಟದ ವಿಷಯಕ್ಕೆ ಎಬ್ಬಿಸುವ ಗದ್ದಲವಾಯಿತು. ವಾದ ಮುಗಿಸಬೇಕಾದ ಪದ ವಾದಕ್ಕೇ ಹೆಸರಾದದ್ದು ಅರ್ಥಪಲ್ಲಟಕ್ಕೆ ಒಳ್ಳೆಯ ಉದಾಹರಣೆ. ‘ರಗಳೆ’ ಹಂಪೆಯ ಹರಿಹರನ ಕೈಯಲ್ಲಿ ಶಿವಶರಣರ ಚರಿತ್ರೆಗೆ ಒದಗಿದ ಛಂದೋರೂಪ. ಪದ್ಯಕ್ಕೆ ಇಷ್ಟೇ ಸಾಲು ಎಂಬ ಕಟ್ಟು ಅದಕ್ಕಿಲ್ಲ, ಎಳೆದಷ್ಟೂ ಸಾಗುತ್ತದೆ. ಮುಗಿಯದ ಪೇಚಾಟಕ್ಕೆ ಜನ ಅದೇ ಹೆಸರನ್ನು ಅಂಟಿಸಿದ್ದರೆ ಅಚ್ಚರಿಯಿಲ್ಲ, ಹರಿಹರನಿಗೆ ಮಾತ್ರ ಅನ್ಯಾಯ.

ಕೆಲವು ಮಾತುಗಳ ಮೂಲ ಬಚ್ಚಲುಮನೆಯಲ್ಲೇ ಸಿಗುತ್ತದೆ. ಹೊಂದಿಕೆಯಾಗದ ಇಬ್ಬರನ್ನು ‘ಎಣ್ಣೆ–ಸೀಗೆಕಾಯಿ’ ಎನ್ನುವುದು ಅಭ್ಯಂಜನದ ಅನುಭವದಿಂದ: ಒಂದು ಹಚ್ಚಿದ್ದನ್ನು ಇನ್ನೊಂದು ತೊಳೆದುಹಾಕುತ್ತದೆ.

ಬೆಂಗಳೂರಿನ ಹುಡುಗರ ‘ಕಿರಿಕ್’ ಹಳೆಯ ‘ಕಿರಿಕಿರಿ’ಯ ಬಾಲ ಕತ್ತರಿಸಿದಂತೆ ಕೇಳಿಸುತ್ತದೆ. ಸುಮ್ಮನಿದ್ದವರನ್ನು ಕೆಣಕುವುದು ಕಿರಿಕ್. ಕೆಣಕುವವನು ‘ಕಿರಿಕ್ ಪಾರ್ಟಿ’. 2016ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಹುಡುಗರ ಮಾತು ಹಿರಿಯರ ಬಾಯಿಗೂ ಬಂತು.

ಪತ್ರಿಕೆಗಳಿಗೆ ಮೆಚ್ಚಿನದು ‘ಕ್ಯಾತೆ’. ಕಾವೇರಿ ವಿವಾದದ ತಲೆಬರಹಗಳಲ್ಲಿ ತಮಿಳುನಾಡು ತೆಗೆಯುವುದು ಕ್ಯಾತೆ, ಕರ್ನಾಟಕ ಸಲ್ಲಿಸುವುದು ಆಕ್ಷೇಪ. ತಾನೇ ಕ್ಯಾತೆ ತೆಗೆದೆ ಎಂದು ಒಪ್ಪಿಕೊಳ್ಳುವವರು ಇಲ್ಲದ ಕಾರಣ ಈ ಪದ ಹೆಚ್ಚಾಗಿ ಎದುರು ಪಕ್ಷದವರ ಮೇಲೆಯೇ ಬಳಕೆಯಾಗುತ್ತದೆ.