ರಸ್ತೆಗೆ ಸಾಲ ಸಿಕ್ಕಿತು, ಬಸ್ಸಿಗೆ ಅನುದಾನವೆಲ್ಲಿ?

ಮನೆ ಒಂದು ಊರಿನಲ್ಲಿ, ನೌಕರಿ ಇನ್ನೊಂದು ಊರಿನಲ್ಲಿ. ಹುಬ್ಬಳ್ಳಿ-ಧಾರವಾಡದ ಸಾವಿರಾರು ಕುಟುಂಬಗಳ ಬದುಕು ತಲೆಮಾರುಗಳಿಂದ ಹೀಗೆಯೇ ಸಾಗಿದೆ. ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಜಿಲ್ಲಾಧಿಕಾರಿ ಕಚೇರಿ ಧಾರವಾಡದಲ್ಲಿವೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ಸಗಟು ಮಾರುಕಟ್ಟೆ, ದೊಡ್ಡ ಸರ್ಕಾರಿ ಆಸ್ಪತ್ರೆ ಹುಬ್ಬಳ್ಳಿಯಲ್ಲಿವೆ. 1962ರಲ್ಲಿ ಎರಡೂ ಊರುಗಳು ಒಂದೇ ಪಾಲಿಕೆಯ ವ್ಯಾಪ್ತಿಗೆ ಬಂದವು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ, ಬೆಂಗಳೂರಿನ ನಂತರ ರಾಜ್ಯದಲ್ಲಿ ಇದೇ ದೊಡ್ಡ ಪಾಲಿಕೆ.

ಈ ಎರಡು ಊರುಗಳನ್ನು ಬೆಸೆಯಲು ರೂಪುಗೊಂಡದ್ದೇ ತ್ವರಿತ ಬಸ್ ಸಾರಿಗೆ ಯೋಜನೆ. ವಿಶ್ವಬ್ಯಾಂಕಿನ ನೆರವು, ಸುಮಾರು 970 ಕೋಟಿ ರೂಪಾಯಿ ವೆಚ್ಚ, 22 ಕಿ.ಮೀ. ಉದ್ದದ ಮಾರ್ಗ, ರಸ್ತೆಯ ನಡುವೆ ಬಸ್ಸುಗಳಿಗೇ ಮೀಸಲಾದ ಪಥ. 2018ರ ಅಕ್ಟೋಬರಿನಲ್ಲಿ 'ಚಿಗರಿ' ಬಸ್ಸುಗಳ ಪ್ರಾಯೋಗಿಕ ಓಡಾಟ ಆರಂಭವಾಯಿತು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯೂ ನೆರವೇರಿತು. ಮಹಾನಗರಗಳಿಗಷ್ಟೇ ಎಂದುಕೊಂಡಿದ್ದ ಸೌಲಭ್ಯ ಉತ್ತರ ಕರ್ನಾಟಕಕ್ಕೂ ಬಂತು ಎಂಬ ಹೆಮ್ಮೆ ಆಗ ಸಹಜವಾಗಿತ್ತು.

ಇಂದು ಅದೇ ಮಾರ್ಗದ ಬಗ್ಗೆ ಅಸಮಾಧಾನವೇ ಹೆಚ್ಚಾಗಿ ಕೇಳಿಬರುತ್ತಿದೆ. ಬಸ್ಸುಗಳು ಹಳತಾಗುತ್ತಿವೆ. ಪಕ್ಕದ ಪಥಗಳಲ್ಲಿ ವಾಹನಗಳು ಕಿಕ್ಕಿರಿದಿರುವಾಗ ನಡುವಿನ ಪಥ ಖಾಲಿ ಕಾಣುತ್ತದೆ. ಅದನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂಬ ಕೂಗು ಎದ್ದಿದೆ. ಬಸ್ಸುಗಳ ಬದಲು ಹಳಿಯಿಲ್ಲದ ವಿದ್ಯುತ್ ವಾಹನಗಳನ್ನು ತರುವ ಮಾತೂ ಕೇಳಿಬಂದಿದೆ.

ಬಹುಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಈ ಕಥೆಯಲ್ಲಿ ಹೊಸದೇನೂ ಕಾಣುವುದಿಲ್ಲ. ನಮ್ಮ ಆಯವ್ಯಯದಲ್ಲಿ ಬಂಡವಾಳ ವೆಚ್ಚಕ್ಕೆ ಒಂದು ಲೆಕ್ಕ, ರಾಜಸ್ವ ವೆಚ್ಚಕ್ಕೆ ಇನ್ನೊಂದು ಲೆಕ್ಕ. ರಸ್ತೆ, ನಿಲ್ದಾಣ, ಸೇತುವೆಗಳಿಗೆ ಸಾಲ ಸಿಗುತ್ತದೆ, ಶಂಕುಸ್ಥಾಪನೆ ನಡೆಯುತ್ತದೆ, ಶಿಲಾಫಲಕ ಉಳಿಯುತ್ತದೆ. ಚಾಲಕನ ಸಂಬಳ, ಡೀಸೆಲ್, ಬಿಡಿಭಾಗ, ಕೆಟ್ಟ ಸ್ವಯಂಚಾಲಿತ ಬಾಗಿಲಿನ ದುರಸ್ತಿ ಇವಕ್ಕೆ ಶಿಲಾಫಲಕವಿಲ್ಲ. ಯೋಜನೆ ಮುಗಿದ ದಿನವೇ ಹಣದ ಹರಿವೂ ಬತ್ತುತ್ತದೆ. ಆಮೇಲಿನ ಹೊರೆ ಮೊದಲೇ ನಷ್ಟದ ಭಾರ ಹೊತ್ತ ಸಾರಿಗೆ ಸಂಸ್ಥೆಯ ಹೆಗಲಿಗೆ ಬೀಳುತ್ತದೆ.

ಟಿಕೆಟ್ ಹಣದಿಂದಲೇ ನಗರ ಸಾರಿಗೆ ನಡೆಯಬೇಕೆಂದು ವಾದಿಸುವವರಿದ್ದಾರೆ. ಆದರೆ ಬಸ್ಸಿನ ಲಾಭ ಬಸ್ಸಿನಲ್ಲಿ ಕುಳಿತವರಿಗಷ್ಟೇ ಸೀಮಿತವಲ್ಲ. ಐವತ್ತು ಜನ ಬಸ್ಸೇರಿದರೆ ಹಲವು ಬೈಕು, ಕಾರುಗಳು ರಸ್ತೆಗಿಳಿಯುವುದಿಲ್ಲ. ಅದರಿಂದ ಕಾರಿನಲ್ಲಿ ಹೋಗುವವನ ದಾರಿಯೂ ಸುಗಮವಾಗುತ್ತದೆ. ಆ ಉಪಕಾರಕ್ಕೆ ಆತ ಟಿಕೆಟ್ ಕೊಳ್ಳುವುದಿಲ್ಲ. ಆದ್ದರಿಂದ ವೆಚ್ಚದ ಒಂದು ಪಾಲನ್ನು ಸಮಾಜವೇ ಭರಿಸುವುದು ನ್ಯಾಯ. ರಸ್ತೆ ಸ್ಥಳ ಹಂಚಿಕೆಯಲ್ಲಿ ವಾಹನಗಳಿಗಿಂತ ಜನರಿಗೆ ಆದ್ಯತೆ ಸಿಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ. ನಡುವಿನ ಪಥ ಖಾಲಿ ಕಂಡರೆ ಅಲ್ಲಿ ಬಸ್ಸುಗಳನ್ನು ಹೆಚ್ಚಿಸಬೇಕೇ ಹೊರತು ಕಾರುಗಳನ್ನು ಬಿಡಬಾರದು. ತೆರೆದುಕೊಟ್ಟ ಪಥ ಕೆಲವೇ ವರ್ಷಗಳಲ್ಲಿ ಪಕ್ಕದ ಪಥಗಳಂತೆಯೇ ತುಂಬುತ್ತದೆ; ಆಗ ಬಸ್ಸೂ ಇಲ್ಲ, ವೇಗವೂ ಇಲ್ಲ.

ಯೋಜನೆಯಲ್ಲಿ ದೋಷಗಳಿಲ್ಲವೆಂದಲ್ಲ. ನಡುರಸ್ತೆಯ ನಿಲ್ದಾಣ ತಲುಪಲು ವೃದ್ಧರು, ಮಕ್ಕಳು ವಾಹನಗಳ ಪ್ರವಾಹವನ್ನು ದಾಟಬೇಕು. ಜೋರು ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುತ್ತದೆ. ಕೇಶ್ವಾಪುರ, ಗೋಕುಲ ರಸ್ತೆ, ಸಪ್ತಾಪುರ ಈ ಮಾರ್ಗದ ಮೇಲಿಲ್ಲ. ಅಲ್ಲಿಂದ ನಿಲ್ದಾಣಕ್ಕೆ ಬರಲು ಆಟೊಗೆ ತೆರುವ ಹಣ ಚಿಗರಿಯ ಟಿಕೆಟ್ ದರವನ್ನು ಮೀರಿದರೆ, ಮನುಷ್ಯ ಸ್ಕೂಟರ್ ಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ.

ಈ ನಡುವೆ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಸ್ಥಳೀಯ ಆಡಳಿತದ ದೃಷ್ಟಿಯಿಂದ ಅದಕ್ಕೆ ಬಲವಾದ ಕಾರಣಗಳಿವೆ. ಆದರೆ ಪಾಲಿಕೆ ಎರಡಾದರೂ ಪ್ರಯಾಣಿಕನ ದಾರಿ ಒಂದೇ. ಪಾದಚಾರಿ ಮಾರ್ಗ ಒಬ್ಬರದು, ಚರಂಡಿ ಇನ್ನೊಬ್ಬರದು, ಬಸ್ಸು ಮತ್ತೊಬ್ಬರದು ಎಂಬ ಇಂದಿನ ಗೊಂದಲ ಇಮ್ಮಡಿಯಾಗಬಾರದು. ಬೆಂಗಳೂರಿಗಾಗಿ 2022ರಲ್ಲಿ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಯನ್ನು ಅಂಗೀಕರಿಸಿದ ಶಾಸಕಾಂಗ, ಅವಳಿ ನಗರಕ್ಕೂ ಅಂಥದೊಂದು ವ್ಯವಸ್ಥೆಯನ್ನು ಯೋಚಿಸಬೇಕು. ಅದಕ್ಕೆ ಪ್ರತಿವರ್ಷ ನಿಶ್ಚಿತ ಅನುದಾನವಿರಲಿ. ಎಷ್ಟು ಬಸ್ಸು ಓಡಿದವು, ಎಷ್ಟು ಸಮಯಕ್ಕೆ ಬಂದವು ಎಂಬ ಲೆಕ್ಕವನ್ನು ಅದು ಸಾರ್ವಜನಿಕರ ಮುಂದಿಡಲಿ. ಬಡಾವಣೆಗಳಿಂದ ನಿಲ್ದಾಣಗಳಿಗೆ ಸಣ್ಣ ಬಸ್ಸುಗಳು ಮೊದಲು ಬರಲಿ. ಹೊಸ ತಂತ್ರಜ್ಞಾನದ ಮಾತು ಆಮೇಲೆ.

ದೆಹಲಿ ತನ್ನ ಬಸ್ ಪಥವನ್ನು 2016ರಲ್ಲಿ ಕಿತ್ತುಹಾಕಿತು. 2009ರಲ್ಲಿ ಆರಂಭವಾದ ಅಹಮದಾಬಾದಿನ ಬಸ್ ಪಥ ಉಳಿದು ವಿಸ್ತರಿಸಿತು. ಯಾವ ದಾರಿ ಹಿಡಿಯಬೇಕೆಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ. ಕಟ್ಟಲು ಸಾಲ ತಂದ ನಾವು, ನಡೆಸಲು ಹಣವಿಲ್ಲವೆಂದು ಕಟ್ಟಿದ್ದನ್ನೇ ಕೆಡವಿದರೆ ಮುಂದಿನ ಪೀಳಿಗೆಗೆ ಉಳಿಯುವುದು ಸಾಲ ಮಾತ್ರ.